ನೋವು ಮರೆಸಿದ ವೈದ್ಯ ಜಾನ್ ಸ್ನೋ

(ಲೇಖಕರು: ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಎಸ್‌.ಎಸ್‌.ಎಲ್‌.ಸಿ. 2004ರ ತಂಡ)

ಕಾಲರಾ ಬಗ್ಗೆ ಓದಿದವರಿಗೆಲ್ಲ ಡಾಕ್ಟರ್ ಜಾನ್ ಸ್ನೋ ಹೆಸರು ಗೊತ್ತಿರುತ್ತದೆ. 1854ರಲ್ಲಿ ಲಂಡನ್ನಿನ ಒಂದು ಬೀದಿಯ ಕೈಪಂಪಿನ ಹಿಡಿ ತೆಗೆಸಿದವರು, ಕಾಲರಾ ಹರಡುವುದು ಕೆಟ್ಟ ಗಾಳಿಯಿಂದಲ್ಲ, ಕೊಳಕು ನೀರಿನಿಂದ ಎಂದು ತೋರಿಸಿಕೊಟ್ಟವರು ಅವರೇ. ಆದರೆ ಅವರಿಗೆ ಅನ್ನ ಕೊಟ್ಟ ಕೆಲಸ ಅದಲ್ಲ. ಆಪರೇಷನ್ನಿಗೆ ಮುಂಚೆ ರೋಗಿಗೆ ಪ್ರಜ್ಞೆ ತಪ್ಪಿಸುವುದು, ಆಪರೇಷನ್ ಮುಗಿಯುವವರೆಗೆ ಪಕ್ಕದಲ್ಲೇ ನಿಂತು ಕಾಯುವುದು ಅವರ ವೃತ್ತಿ. ಇವತ್ತು ನಾವು ಅನಸ್ತೇಷಿಯಾ ಡಾಕ್ಟರು ಎನ್ನುತ್ತೇವಲ್ಲ, ಆ ಕಸುಬನ್ನು ಬದುಕಾಗಿ ಮಾಡಿಕೊಂಡ ಮೊದಲಿಗರಲ್ಲಿ ಅವರೊಬ್ಬರು.

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಮಹನೀಯರ ಬದುಕಿಗೆಂದು ಕೆಲವು ಪುಟ ಮೀಸಲಿಟ್ಟಿದ್ದಾರೆ. ನಮ್ಮ ಜಿಲ್ಲೆಯ ಮಣ್ಣಿನವರೇ ಆದ ಡಿ.ವಿ.ಜಿ., ಮಾಸ್ತಿ ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಕನ್ನಡ ಮೇಷ್ಟ್ರುಗಳು ಇದ್ದಾರೆ. ನಾನು ದೂರದೇಶದ ಈ ವೈದ್ಯರನ್ನು ಆರಿಸಿಕೊಂಡಿದ್ದಕ್ಕೆ ಎರಡು ಕಾರಣ ಉಂಟು. ಒಂದು, ಅವರ ವೈದ್ಯಕೀಯ ಶುರುವಾದದ್ದು ಗಣಿ ಕಾರ್ಮಿಕರ ನಡುವೆ. ಮನೆಗೊಬ್ಬರು ಗಣಿಗೆ ಇಳಿದ ಕೆ.ಜಿ.ಎಫ್., ಬಂಗಾರಪೇಟೆ ಕಡೆಯ ಮಕ್ಕಳಿಗೆ ಅದು ಹತ್ತಿರದ ವಿಷಯ. ಎರಡು, ಮಂಪರು ತರಿಸುವ ಔಷಧಿ ಮನುಷ್ಯನ ನೆನಪಿಗೆ ಏನು ಮಾಡುತ್ತದೆ ಎಂಬುದನ್ನು ಅವರು ನೂರೆಪ್ಪತ್ತು ವರ್ಷಗಳ ಹಿಂದೆಯೇ ಗಮನಿಸಿ ಬರೆದಿಟ್ಟರು. ಅದೇ ವಿಷಯ ನಮ್ಮ ಮನೆಯಲ್ಲಿ ಬಹಳ ವರ್ಷ ಒಂದು ಪ್ರಶ್ನೆಯಾಗಿ ಉಳಿದಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಗಣಿಗೆ ಹೋದ ಹುಡುಗ

ಜಾನ್ ಸ್ನೋ ಹುಟ್ಟಿದ್ದು 1813ರ ಮಾರ್ಚ್ 15ರಂದು, ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ. ಒಂಬತ್ತು ಮಕ್ಕಳಲ್ಲಿ ಇವರೇ ಹಿರಿಯರು. ತಂದೆ ಕಲ್ಲಿದ್ದಲು ಮಂಡಿಯಲ್ಲಿ ಕೂಲಿ ಕೆಲಸ ಮಾಡುತ್ತಿದ್ದರು. ಮನೆ ಇದ್ದದ್ದು ನದಿ ದಂಡೆಯ ಬಡವರ ಕೇರಿಯಲ್ಲಿ. ಹದಿನಾಲ್ಕನೇ ವಯಸ್ಸಿಗೆ ಹುಡುಗ ಮನೆ ಬಿಟ್ಟು, ನ್ಯೂಕ್ಯಾಸಲ್ ಊರಿನ ವಿಲಿಯಂ ಹಾರ್ಡ್‌ಕ್ಯಾಸಲ್ ಎಂಬ ವೈದ್ಯರ ಹತ್ತಿರ ಕೆಲಸ ಕಲಿಯಲು ಸೇರಿದ. ಆಗಿನ ಕಾಲದಲ್ಲಿ ಬಡವರ ಮನೆಯ ಹುಡುಗನೊಬ್ಬ ವೈದ್ಯನಾಗಲು ಇದ್ದ ದಾರಿ ಅದೇ. ಗುರುವಿನ ಜೊತೆಗಿದ್ದು ಔಷಧಿ ಅರೆಯುವುದು, ಪಟ್ಟಿ ಕಟ್ಟುವುದು, ಹೇಳಿದ ಮನೆಗೆ ಹೋಗಿ ಬರುವುದು, ಹೀಗೆ ವರ್ಷಗಟ್ಟಲೆ ಕಲಿಯಬೇಕಿತ್ತು.

ಬಂಗಾಳದ ಕಡೆಯಿಂದ ಹೊರಟ ಕಾಲರಾ ದೇಶ ದೇಶ ದಾಟಿ 1831ರಲ್ಲಿ ಇಂಗ್ಲೆಂಡಿಗೆ ಮುಟ್ಟಿತು. ನ್ಯೂಕ್ಯಾಸಲ್ ಸುತ್ತಲಿನ ಕಿಲ್ಲಿಂಗ್‌ವರ್ತ್ ಕಲ್ಲಿದ್ದಲು ಗಣಿಯಲ್ಲಿ ಕಾರ್ಮಿಕರು ಒಬ್ಬರ ಹಿಂದೊಬ್ಬರು ಬೀಳತೊಡಗಿದರು. ಅವರನ್ನು ನೋಡಿಕೊಳ್ಳಲು ಹಾರ್ಡ್‌ಕ್ಯಾಸಲ್ ಕಳಿಸಿದ್ದು ಹದಿನೆಂಟು ವರ್ಷದ ಈ ಶಿಷ್ಯನನ್ನು. ಕೈಯಲ್ಲಿ ನೆಟ್ಟಗೊಂದು ಔಷಧಿ ಇರಲಿಲ್ಲ. ಆದರೆ ಕಣ್ಣು ತೆರೆದಿತ್ತು. ಗಣಿಯೊಳಗೆ ಎಂಟೊಂಬತ್ತು ಗಂಟೆ ಇರುವವರು ಊಟ ಕಟ್ಟಿಕೊಂಡು ಇಳಿಯುತ್ತಾರೆ, ಕೆಳಗೆ ಕಕ್ಕಸು ಇಲ್ಲ, ಕೈ ತೊಳೆಯಲು ನೀರಿಲ್ಲ, ಅದೇ ಕೈಯಲ್ಲಿ ಊಟ ಮಾಡುತ್ತಾರೆ. ಎಷ್ಟೋ ವರ್ಷದ ಮೇಲೆ, ಕಾಲರಾ ಬಾಯಿಯ ಮೂಲಕ ಹೊಟ್ಟೆಗೆ ಹೋಗುವ ರೋಗ ಎಂದು ವಾದಿಸುವಾಗ ಗಣಿಯ ಈ ಸ್ಥಿತಿಯನ್ನು ಅವರು ಸಾಕ್ಷಿಯಾಗಿ ಮುಂದಿಟ್ಟರು.

ನಮ್ಮ ಕಡೆ 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿ ಕೆಲಸಕ್ಕೆ ಕೈ ಹಾಕುವ ಹೊತ್ತಿಗೆ ಸ್ನೋ ತೀರಿಕೊಂಡು 22 ವರ್ಷ ಆಗಿತ್ತು. ಅವರು ಭಾರತಕ್ಕೆ ಬಂದವರೂ ಅಲ್ಲ. ಆದರೂ ಬೇತಮಂಗಲದಿಂದ ಗಣಿ ಊರಿಗೆ ಕುಡಿಯುವ ನೀರಿನ ಕೊಳವೆ ಎಳೆಯುವ ಕಾಲಕ್ಕೆ, ಊರಿಗೆ ಶುದ್ಧ ನೀರು ಕೊಡದಿದ್ದರೆ ಊರು ಉಳಿಯುವುದಿಲ್ಲ ಎಂಬ ತಿಳಿವಳಿಕೆ ಪ್ರಪಂಚದಲ್ಲಿ ಗಟ್ಟಿಯಾಗಿತ್ತು. ಹಾಗೆ ಗಟ್ಟಿಯಾಗಲು ಕಾರಣರಾದವರಲ್ಲಿ ಕಿಲ್ಲಿಂಗ್‌ವರ್ತ್ ಗಣಿಯಲ್ಲಿ ರೋಗಿಗಳನ್ನು ನೋಡಿದ್ದ ಆ ಹುಡುಗನೂ ಒಬ್ಬ.

1836ರಲ್ಲಿ ಸ್ನೋ ಓದು ಮುಂದುವರಿಸಲು ಲಂಡನ್ನಿಗೆ ಹೊರಟರು. ಇಂಗ್ಲೆಂಡಿನ ಉತ್ತರದಿಂದ ಬಳಸು ದಾರಿ ಹಿಡಿದು ನಡೆದೇ ಹೋದರು. ಹದಿನೇಳನೇ ವಯಸ್ಸಿನಲ್ಲೇ ಮಾಂಸ ಬಿಟ್ಟಿದ್ದರು, ಹೆಂಡ ಮುಟ್ಟುತ್ತಿರಲಿಲ್ಲ, ಕುಡಿಯುವ ನೀರಿನ ಬಗ್ಗೆ ಮೊದಲಿನಿಂದಲೂ ಬಹಳ ಎಚ್ಚರ. 1838ರಲ್ಲಿ ವೈದ್ಯ ಪರೀಕ್ಷೆ ಪಾಸಾಗಿ ಸೋಹೋ ಎಂಬ ಜನನಿಬಿಡ ಬಡಾವಣೆಯಲ್ಲಿ ಬಾಡಿಗೆ ಕೋಣೆ ಹಿಡಿದರು. 1844ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಎಂ.ಡಿ. ಪಡೆದರು. ಮದುವೆ ಆಗಲಿಲ್ಲ. ಮಾತು ಕಡಿಮೆ, ಗಂಟಲು ಒಡಕು, ಶಿಫಾರಸು ಮಾಡುವವರು ಯಾರೂ ಇಲ್ಲ. ಹಾಗಾಗಿ ರೋಗಿಗಳೂ ಕಡಿಮೆ.

ಆವಿಯ ಲೆಕ್ಕ

1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ನಿನಲ್ಲಿ ಈಥರ್ ಆವಿ ಕೊಟ್ಟು ನೋವಿಲ್ಲದೆ ಆಪರೇಷನ್ ಮಾಡಿ ತೋರಿಸಿದರು. ಅಲ್ಲಿಯವರೆಗೆ ಕಾಲು ಕತ್ತರಿಸಬೇಕೆಂದರೆ ನಾಲ್ಕು ಜನ ಹಿಡಿದುಕೊಳ್ಳಬೇಕಿತ್ತು. ರೋಗಿಗೆ ಹಲ್ಲಿಗೆ ಕಚ್ಚಲು ಏನಾದರೂ ಕೊಡುತ್ತಿದ್ದರು. ಬದುಕಿ ಉಳಿದವರು ಆ ಕೆಲವು ನಿಮಿಷಗಳನ್ನು ಸಾಯುವವರೆಗೂ ಮರೆಯುತ್ತಿರಲಿಲ್ಲ. ಎರಡು ತಿಂಗಳಲ್ಲಿ ಸುದ್ದಿ ಲಂಡನ್ನಿಗೆ ಬಂತು. ಡಿಸೆಂಬರ್ ಕೊನೆಯಲ್ಲಿ ಸ್ನೋ ಅದನ್ನು ಕಣ್ಣಾರೆ ಕಂಡರು.

ಈಥರ್ ಕೆಲವು ರೋಗಿಗಳಿಗೆ ಚೆನ್ನಾಗಿ ಹತ್ತುತ್ತಿತ್ತು, ಕೆಲವರಿಗೆ ಹತ್ತುತ್ತಲೇ ಇರಲಿಲ್ಲ. ಬೇರೆ ವೈದ್ಯರು ಇದನ್ನು ರೋಗಿಯ ದೇಹಪ್ರಕೃತಿ ಎಂದುಕೊಂಡು ಸುಮ್ಮನಾದರೆ, ಸ್ನೋ ಭೌತಶಾಸ್ತ್ರದ ಕಡೆ ನೋಡಿದರು. ಗಾಳಿ ಬೆಚ್ಚಗಿದ್ದಷ್ಟೂ ಅದು ಹೆಚ್ಚು ಆವಿಯನ್ನು ಹೊರುತ್ತದೆ. ಹಾಗಾದರೆ ಚಳಿಯ ಕೋಣೆಯಲ್ಲಿ ರೋಗಿಗೆ ಸಿಗುವ ಈಥರ್ ಬೇರೆ, ಬೆಚ್ಚನೆಯ ಕೋಣೆಯಲ್ಲಿ ಸಿಗುವುದು ಬೇರೆ. ಒಂದೇ ತಿಂಗಳಲ್ಲಿ, ಎಷ್ಟು ಉಷ್ಣತೆಗೆ ಗಾಳಿಯಲ್ಲಿ ಎಷ್ಟು ಪಾಲು ಈಥರ್ ಇರುತ್ತದೆ ಎಂಬ ಕೋಷ್ಟಕ ಸಿದ್ಧಮಾಡಿದರು. ಬೆಚ್ಚಗಿನ ನೀರಿನ ಪಾತ್ರೆಯಲ್ಲಿಟ್ಟು ಆವಿಯನ್ನು ಒಂದೇ ಪ್ರಮಾಣದಲ್ಲಿ ಬಿಡುವ ಉಪಕರಣ ಮಾಡಿಸಿದರು. ಪ್ರಾಣಿಗಳ ಮೇಲೆ, ಕೊನೆಗೆ ತಮ್ಮ ಮೇಲೇ ಬೇರೆ ಬೇರೆ ಆವಿಗಳನ್ನು ಪರೀಕ್ಷಿಸಿಕೊಂಡರು. 1847ರಲ್ಲೇ ಈಥರ್ ಬಗ್ಗೆ ಪುಸ್ತಕ ಪ್ರಕಟಿಸಿದರು.

ಅದೇ ವರ್ಷ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆಗೆ ತಂದರು. 1848ರ ಆರಂಭಕ್ಕೆ ಅದು ಕಲ್ಕತ್ತಾ ಮುಟ್ಟಿತ್ತು. ಅದೇ ಜನವರಿ 28ರಂದು ನ್ಯೂಕ್ಯಾಸಲ್ ಹತ್ತಿರ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಕ್ಲೋರೋಫಾರ್ಮ್ ಉಸಿರಾಡಿ, ಎರಡು ಮೂರು ನಿಮಿಷದಲ್ಲಿ ಪ್ರಾಣ ಬಿಟ್ಟಳು. ಬಟ್ಟೆಗೆ ಸುರಿದು ಮೂಗಿಗೆ ಹಿಡಿದರೆ ಆವಿ ಒಮ್ಮೆಲೇ ದಟ್ಟವಾಗಿ ಒಳಗೆ ಹೋಗಿ ಹೃದಯ ನಿಲ್ಲಬಹುದು, ಗಾಳಿಯೊಂದಿಗೆ ಬೆರೆಸಿ ಅಳತೆಯಲ್ಲಿ ಕೊಡಬೇಕು ಎಂದು ಸ್ನೋ ವಾದಿಸಿದರು. ನಂತರದ ಹತ್ತು ವರ್ಷಗಳಲ್ಲಿ ಅವರು ನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಕ್ಲೋರೋಫಾರ್ಮ್ ಕೊಟ್ಟರು.

ನಮ್ಮ ಸಿನಿಮಾಗಳಲ್ಲಿ ಖಳನಾಯಕ ಕರ್ಚೀಫು ಒತ್ತಿದ ಕ್ಷಣಕ್ಕೇ ನಾಯಕಿ ಕುಸಿದು ಬೀಳುತ್ತಾಳಲ್ಲ, ಆ ಭಯ 1850ರ ಲಂಡನ್ನಿನಲ್ಲೂ ಇತ್ತು. ಕಳ್ಳರು ಕ್ಲೋರೋಫಾರ್ಮ್ ಹಿಡಿದು ದೋಚುತ್ತಾರೆ ಎಂಬ ಗುಲ್ಲೆದ್ದು, ಅದಕ್ಕೆ ಕಾನೂನು ತರಲೂ ಹೊರಟರು. ಒಪ್ಪದ ಮನುಷ್ಯನನ್ನು ಒಂದು ಕ್ಷಣದಲ್ಲಿ, ಸದ್ದಿಲ್ಲದೆ, ಪ್ರಜ್ಞೆ ತಪ್ಪಿಸಲು ಆಗುವುದೇ ಇಲ್ಲ ಎಂದು ಸ್ನೋ ಆಗಲೇ ಬಿಡಿಸಿ ಹೇಳಿದ್ದರು. ಸಿನಿಮಾದವರು ಮಾತ್ರ ಇನ್ನೂ ಕೇಳಿಸಿಕೊಂಡಿಲ್ಲ.

ಐದು ಹಂತಗಳು

ನನಗೆ ಸ್ನೋ ದೊಡ್ಡವರಾಗಿ ಕಾಣುವುದು ಅವರ ಐದು ಹಂತಗಳ ವಿವರಣೆಯಲ್ಲಿ. ಪ್ರಜ್ಞೆ ಇದೆ ಅಥವಾ ಇಲ್ಲ, ದೀಪದ ಸ್ವಿಚ್ಚಿನಂತೆ ಎಂದಲ್ಲ, ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ ಎಂದು ಅವರು ಕಂಡುಕೊಂಡರು. ಮೊದಲ ಹಂತದಲ್ಲಿ ತಲೆ ಹಗುರಾಗುತ್ತದೆ, ಆದರೆ ತಾನು ಎಲ್ಲಿದ್ದೇನೆ ಎಂಬುದು ರೋಗಿಗೆ ಗೊತ್ತಿರುತ್ತದೆ. ಎರಡನೇ ಹಂತದಲ್ಲಿ ಸರಿಯಾದ ಅರಿವು ಇರುವುದಿಲ್ಲ, ಆದರೆ ಮನಸ್ಸು ಪೂರ್ತಿ ನಿಂತಿರುವುದೂ ಇಲ್ಲ. ರೋಗಿ ಕಣ್ಣು ಹೊರಳಿಸಬಹುದು, ನಗಬಹುದು, ಮಾತಾಡಬಹುದು, ಹಾಡಲೂಬಹುದು. ಮೂರನೆಯದರಲ್ಲಿ ಮನಸ್ಸಿನ ಕೆಲಸ ಕಾಣಿಸುವುದಿಲ್ಲ. ನಾಲ್ಕನೆಯದರಲ್ಲಿ ಉಸಿರಾಟ ಬಿಟ್ಟು ದೇಹದಲ್ಲಿ ಬೇರೆ ಚಲನೆ ಇಲ್ಲ. ಐದನೆಯದರಲ್ಲಿ ಉಸಿರೇ ನಿಲ್ಲುತ್ತದೆ. ಅಲ್ಲಿಗೆ ಯಾರನ್ನೂ ಇಳಿಸಬಾರದು.

ಎರಡನೇ ಹಂತದ ಬಗ್ಗೆ ಅವರು ಒಂದು ಮಾತು ಸೇರಿಸಿದ್ದಾರೆ. ಆ ಸ್ಥಿತಿಯಲ್ಲಿ ನಡೆದದ್ದು ಕೆಲವರಿಗೆ ನೆನಪಿರುವುದುಂಟು, ಆದರೆ ಸಾಮಾನ್ಯವಾಗಿ ಇರುವುದಿಲ್ಲ. ಅಂದರೆ ಮಾತಾಡಿದ ಮನುಷ್ಯ, ನಕ್ಕ ಮನುಷ್ಯ, ಅತ್ತ ಮನುಷ್ಯ ಎದ್ದ ಮೇಲೆ ಅದು ತನ್ನದೇ ಎಂದು ಗುರುತಿಸುವುದಿಲ್ಲ.

ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಪ್ರೋಗ್ರಾಂ ಓಡುತ್ತಿದೆ, ಆದರೆ ಲಾಗ್ ಬರೆಯುವುದು ನಿಂತಿದೆ. ಕಂಪ್ಯೂಟರ್ ಕೇಳಿದ್ದಕ್ಕೆ ಉತ್ತರ ಕೊಡುತ್ತಲೇ ಇರುತ್ತದೆ. ಬೆಳಿಗ್ಗೆ ಬಂದು ರಾತ್ರಿ ಏನಾಯಿತು ಎಂದು ಲಾಗ್ ಫೈಲ್ ತೆರೆದರೆ ಪುಟ ಖಾಲಿ. ಎಚ್ಚರ ಬೇರೆ, ನೋವು ಬೇರೆ, ನೆನಪು ಬೇರೆ. ಒಂದೇ ಔಷಧಿ ಈ ಮೂರನ್ನೂ ತಗ್ಗಿಸಬಹುದು, ಆದರೆ ಮೂರೂ ಒಟ್ಟಿಗೆ, ಒಂದೇ ಅಳತೆಯಲ್ಲಿ ತಗ್ಗುವುದಿಲ್ಲ.

ರಾಣಿಯ ಹೆರಿಗೆ

1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿಗೆ ಎಂಟನೇ ಹೆರಿಗೆ, ರಾಜಕುಮಾರ ಲಿಯೊಪೋಲ್ಡ್ ಹುಟ್ಟಿದ ದಿನ. ಅರಮನೆಗೆ ಸ್ನೋ ಅವರಿಗೆ ಕರೆ ಬಂತು. ಕಲ್ಲಿದ್ದಲು ಕೂಲಿಯ ಮಗ ರಾಣಿಯ ಹಾಸಿಗೆಯ ಪಕ್ಕ ನಿಂತು, ಮಡಿಸಿದ ಕರ್ಚೀಫಿನ ಮೇಲೆ ಪ್ರತಿ ಸಲಕ್ಕೆ ಹದಿನೈದು ಮಿನಿಮ್, ಅಂದರೆ ಒಂದು ಮಿಲಿಲೀಟರಿಗೂ ಕಡಿಮೆ, ಕ್ಲೋರೋಫಾರ್ಮ್ ಹಾಕಿ ನೋವು ಬಂದಾಗಲೆಲ್ಲ ಮುಖದ ಹತ್ತಿರ ಹಿಡಿದರು. ಹೀಗೆ 53 ನಿಮಿಷ. ರಾಣಿ ಒಂದು ಕ್ಷಣವೂ ಪ್ರಜ್ಞೆ ತಪ್ಪಲಿಲ್ಲ. ನೋವು ಮಂದವಾಯಿತು, ಮಗು ಹುಟ್ಟಿದ್ದು ಗೊತ್ತಾಯಿತು, ಆ ಗಳಿಗೆ ನೆನಪಿನಲ್ಲಿ ಉಳಿಯಿತು. ರಾಣಿ ತಮ್ಮ ದಿನಚರಿಯಲ್ಲಿ ಸಂತೋಷದಿಂದಲೇ ಅದನ್ನು ಬರೆದುಕೊಂಡರು. 1857ರಲ್ಲಿ ಬಿಯಾಟ್ರಿಸ್ ಹುಟ್ಟುವಾಗಲೂ ಸ್ನೋ ಅವರನ್ನೇ ಕರೆಸಿದರು.

ಹೆರಿಗೆ ನೋವು ದೇವರು ಕೊಟ್ಟದ್ದು, ಅದನ್ನು ಕಳೆಯಬಾರದು ಎಂದು ವಾದಿಸುತ್ತಿದ್ದವರ ಬಾಯಿ ಆ ದಿನದ ನಂತರ ಮೆಲ್ಲಗೆ ಕಟ್ಟಿತು. ಆದರೆ ನಾನು ಗಮನಿಸುವುದು ಸ್ನೋ ಅವರ ಕೈಯ ಹಿಡಿತವನ್ನು. ಪೂರ್ತಿ ಮಲಗಿಸುವುದು ಅವರಿಗೆ ಗೊತ್ತಿತ್ತು. ಕಾಲು ಕತ್ತರಿಸುವಾಗ ಹಾಗೇ ಮಾಡುತ್ತಿದ್ದರು. ಹೆರಿಗೆಯಲ್ಲಿ ಹಾಗೆ ಮಾಡಲಿಲ್ಲ. ಎಲ್ಲಿ ನೋವನ್ನು ಮಾತ್ರ ತೆಗೆಯಬೇಕು, ಎಲ್ಲಿ ಮನುಷ್ಯನನ್ನು ಆ ಗಳಿಗೆಯಿಂದಲೇ ದೂರ ಇಡಬೇಕು ಎಂಬ ವಿವೇಚನೆ ಅದು.

ಅರಮನೆಯ ಗುಟ್ಟನ್ನು ಅವರು ಯಾರಿಗೂ ಹೇಳಲಿಲ್ಲ. ರಾಣಿ ಕ್ಲೋರೋಫಾರ್ಮ್ ತೆಗೆದುಕೊಳ್ಳುವಾಗ ಏನೆಂದರು ಎಂದು ತಿಳಿಸದಿದ್ದರೆ ತಾನು ಆವಿ ಎಳೆಯುವುದೇ ಇಲ್ಲ ಎಂದು ಒಬ್ಬ ಹೆಂಗಸು ಹಟ ಹಿಡಿದರಂತೆ. ರಾಣಿಯವರು ಇನ್ನೂ ಬಹಳ ಹೊತ್ತು ಉಸಿರಾಡುವವರೆಗೆ ಏನೂ ಕೇಳಲಿಲ್ಲ, ತಾವೂ ಹಾಗೇ ಮಾಡಿದರೆ ಎಲ್ಲ ಹೇಳುತ್ತೇನೆ ಎಂದರಂತೆ ಸ್ನೋ. ಆಕೆ ಉಸಿರೆಳೆದುಕೊಂಡು, ರಾಣಿಯನ್ನೂ ಮರೆತು, ಎಚ್ಚರವಾಗುವಷ್ಟರಲ್ಲಿ ಡಾಕ್ಟರು ಮನೆಗೆ ಹೋಗಿ ಆಗಿತ್ತು.

ಪಂಪಿನ ಹಿಡಿ

ಇದರ ನಡುವೆಯೇ ಕಾಲರಾ ಕೆಲಸ. 1849ರಲ್ಲೇ ಕಾಲರಾ ನೀರಿನಿಂದ ಹರಡುತ್ತದೆ ಎಂದು ಪುಟ್ಟ ಪುಸ್ತಕ ಬರೆದಿದ್ದರು. ಹೆಚ್ಚು ಜನ ಒಪ್ಪಲಿಲ್ಲ. ಆವಿಗಳ ಬಗ್ಗೆ ಅಷ್ಟು ತಿಳಿದಿದ್ದ ಅವರಿಗೆ ಕೆಟ್ಟ ಗಾಳಿಯ ವಾದ ಸರಿ ಕಾಣಲಿಲ್ಲ. ಆವಿ ದೂರ ಹೋದಷ್ಟೂ ತೆಳುವಾಗಬೇಕು, ಮತ್ತು ಉಸಿರಲ್ಲಿ ಹೋದ ವಿಷ ಮೊದಲು ಹೊಟ್ಟೆಯನ್ನೇ ಏಕೆ ಕೆಡಿಸಬೇಕು? 1854ರ ಆಗಸ್ಟ್ ಕೊನೆಗೆ ಸೋಹೋದ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಎದ್ದಾಗ ಅವರು ಮನೆ ಮನೆಗೆ ಹೋಗಿ, ಸತ್ತವರು ಯಾವ ಪಂಪಿನ ನೀರು ಕುಡಿಯುತ್ತಿದ್ದರು ಎಂದು ಕೇಳಿ ಬರೆದುಕೊಂಡರು. ಸೆಪ್ಟೆಂಬರ್ 7ರಂದು ಊರಿನ ಮಂಡಳಿಯ ಮುಂದೆ ಲೆಕ್ಕ ಇಟ್ಟರು. ಮಾರನೆಯ ದಿನ ಪಂಪಿನ ಹಿಡಿ ತೆಗೆದರು. ಆ ಹೊತ್ತಿಗೆ ರೋಗ ತಾನೇ ಇಳಿಮುಖವಾಗಿತ್ತು ಎಂಬುದನ್ನು ಸ್ನೋ ಮುಚ್ಚಿಡಲಿಲ್ಲ, ಅದನ್ನೂ ಬರೆದರು. ಆ ಒಂದು ಬಡಾವಣೆಯಲ್ಲಿ 600ಕ್ಕೂ ಹೆಚ್ಚು ಜನ ಸತ್ತಿದ್ದರು.

ಸ್ನೋ ನಂತರ

ಅವರು ಗುರುತಿಸಿದ ಎರಡನೇ ಹಂತದ ಕಥೆ ಮುಂದೆ ಬೇರೆ ಬೇರೆ ದಿಕ್ಕಿಗೆ ಹೋಯಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಹೆರಿಗೆಗೆ ಮಾರ್ಫಿನ್ ಮತ್ತು ಸ್ಕೋಪಲಮಿನ್ ಬೆರೆಸಿ ಕೊಡುವ ಪದ್ಧತಿ ಬಂತು. ಹೆಂಗಸರು ನೋವಿಗೆ ಚೀರುತ್ತಿದ್ದರು, ಹೊರಳಾಡುತ್ತಿದ್ದರು. ಎದ್ದ ಮೇಲೆ ಏನೂ ನೆನಪಿರುತ್ತಿರಲಿಲ್ಲ, ಆದ್ದರಿಂದ ನೋವೇ ಆಗಲಿಲ್ಲ ಎಂದು ನಂಬುತ್ತಿದ್ದರು. ಅಮೆರಿಕದಲ್ಲಿ ಅದಕ್ಕೆ ಭಾರಿ ಬೇಡಿಕೆಯೂ ಬಂತು. ಸ್ನೋ ನೋವನ್ನು ತಗ್ಗಿಸಿ ನೆನಪನ್ನು ಉಳಿಸಿದ್ದರು. ಇಲ್ಲಿ ನೋವನ್ನು ಬಹುಮಟ್ಟಿಗೆ ಹಾಗೇ ಬಿಟ್ಟು ನೆನಪನ್ನು ಅಳಿಸಿದರು.

ಇನ್ನೊಂದು ದಿಕ್ಕು ನಮ್ಮ ಬೆಂಗಳೂರಿನದೇ. ಆರೋಪಿಗೆ ಸೋಡಿಯಂ ಪೆಂಟಥಾಲ್ ಚುಚ್ಚಿ, ಮಂಪರಿನಲ್ಲಿ ಮಾತಾಡಿಸಿ ಸತ್ಯ ಹೊರಡಿಸುವ ಪರೀಕ್ಷೆಗೆ ಒಂದು ಕಾಲದಲ್ಲಿ ಬೆಂಗಳೂರು ಹೆಸರುವಾಸಿಯಾಗಿತ್ತು. ನಾವು ಕಾಲೇಜಿನಲ್ಲಿದ್ದಾಗ ಟಿ.ವಿ.ಯಲ್ಲಿ ಅದರ ದೃಶ್ಯಗಳೇ. 2010ರ ಮೇ 5ರಂದು ಸುಪ್ರೀಂ ಕೋರ್ಟು, ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಯಾರಿಗೂ ಈ ಪರೀಕ್ಷೆ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಎರಡನೇ ಹಂತದಲ್ಲಿ ಮನುಷ್ಯ ಮಾತಾಡುತ್ತಾನೆ ಎಂಬುದು ನಿಜ. ಮಾತಾಡಿದ್ದೆಲ್ಲ ನಡೆದದ್ದೇ ಎಂದು ಹೇಳಲಾಗದು. ಕನಸುಗಳು ಬರುವುದೂ ಆ ಹಂತದಲ್ಲೇ ಎಂದು ಸ್ನೋ ಬರೆದಿದ್ದರು.

ಈಗ ಎಂಡೋಸ್ಕೋಪಿಯಂಥ ಚಿಕ್ಕ ಪರೀಕ್ಷೆಗಳಿಗೆ ಮಿಡಜೋಲಂ ಕೊಡುತ್ತಾರೆ. ಮನೆಗಳಲ್ಲಿ ನಿದ್ದೆ ಮಾತ್ರೆ ಎಂದು ಕರೆಯುವ ಡಯಜೆಪಾಂ, ಅಲ್‌ಪ್ರಜೋಲಂ ಇದೇ ಕುಟುಂಬದವು. ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಬ್ರೇಕಿನಂತೆ ಕೆಲಸ ಮಾಡುತ್ತದೆ, ಈ ಔಷಧಿಗಳು ಆ ಬ್ರೇಕನ್ನು ಇನ್ನೂ ಬಿಗಿ ಮಾಡುತ್ತವೆ. ಹೊಸ ಅನುಭವವನ್ನು ನೆನಪಾಗಿ ಬರೆದುಕೊಳ್ಳುವ ಜಾಗಕ್ಕೆ ಹಿಪ್ಪೊಕ್ಯಾಂಪಸ್ ಎಂದು ಹೆಸರು. ಅದರ ಪಕ್ಕದಲ್ಲೇ ಬಾದಾಮಿ ಆಕಾರದ ಅಮಿಗ್ಡಲ ಇದೆ. ಭಯ, ದುಃಖ, ಸಂತೋಷದ ಗಳಿಗೆಯಲ್ಲಿ ಅದು ಇದನ್ನು ಗಟ್ಟಿಯಾಗಿ ಬರೆದುಕೋ ಎಂದು ಒತ್ತಿ ಹೇಳುವ ಭಾಗ. ಅದಕ್ಕೇ ನಿನ್ನೆಯ ತಿಂಡಿ ಮರೆತರೂ ಹತ್ತು ವರ್ಷದ ಹಿಂದಿನ ಸಾವಿನ ಸುದ್ದಿ ಬಂದ ಕ್ಷಣ ಮರೆಯುವುದಿಲ್ಲ. ಔಷಧಿ ರಕ್ತಕ್ಕೆ ಸೇರಿದ ಮೇಲೆ ಈ ಎರಡು ಕೆಲಸವೂ ಮಂದವಾಗುತ್ತವೆ.

ಗಮನಿಸಬೇಕಾದದ್ದು, ಔಷಧಿ ಸೇರಿದ ಮೇಲಿನದ್ದು ಮಾತ್ರ ಬರವಣಿಗೆಗೆ ಬೀಳುವುದಿಲ್ಲ. ಅದಕ್ಕೆ ಮುಂಚೆ ಬರೆದಾದದ್ದು ಅಳಿಸುವುದಿಲ್ಲ. ಮಾತ್ರೆಗೆ ಸ್ವಲ್ಪ ಮುಂಚೆ ಕಲಿತದ್ದು ಇನ್ನೂ ಚೆನ್ನಾಗಿ ಉಳಿದದ್ದೂ ಕೆಲವು ಪ್ರಯೋಗಗಳಲ್ಲಿ ಕಂಡಿದೆ. ಅದರ ಮೇಲೆ ಹೊಸದೇನೂ ಬಂದು ಬೀಳದಿರುವುದೇ ಅದಕ್ಕೆ ಕಾರಣ ಇರಬೇಕು ಎನ್ನುತ್ತಾರೆ.

ನಮ್ಮ ಅಜ್ಜಿಯ ಪ್ರಶ್ನೆ

ನಮ್ಮ ತಾತ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಪ್ರೈಮರಿಯಲ್ಲಿದ್ದಾಗ ಒಂದು ಸಂಜೆ ಬಂಗಾರಪೇಟೆ ಸಂತೆಯಿಂದ ಚೀಲ ಹಿಡಿದು ಬಂದವರು ಜಗಲಿಯ ಮೇಲೆ ಕುಸಿದು ಬಿದ್ದರು. ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅಜ್ಜಿ ತಲೆ ಚಚ್ಚಿಕೊಂಡು ಅಳುತ್ತಿದ್ದುದನ್ನು ನೋಡಲಾಗದೆ, ಬಂಧುಗಳು ಯಾರನ್ನೋ ಕರೆಸಿ ಒಂದು ಇಂಜೆಕ್ಷನ್ ಹಾಕಿಸಿದರು. ರಾತ್ರಿ ಇನ್ನೊಂದು. ಬೆಳಿಗ್ಗೆ ಅಜ್ಜಿ ಸುಮ್ಮನೆ ಕೂತಿದ್ದರು. ಕರೆದರೆ ಓಗೊಡುತ್ತಿದ್ದರು. ಹಿಡಿದುಕೊಂಡು ಹೋದಲ್ಲಿಗೆ ಬಂದರು, ತಾತನ ಬಾಯಿಗೆ ಅಕ್ಕಿ ಹಾಕಿದರು, ಮುಖ ಸವರಿದರು. ಎಲ್ಲರೂ ನೋಡಿದ್ದೇವೆ.

ಅಜ್ಜಿಗೆ ಮಾತ್ರ ಅದರಲ್ಲಿ ಒಂದೂ ನೆನಪಿರಲಿಲ್ಲ. ಅವರಿಗೆ ನೆನಪಿದ್ದದ್ದು ಸಂಜೆಯ ಜಗಲಿ. ಚೀಲ ಬಿದ್ದ ಸದ್ದು, ಅಂಗಳಕ್ಕೆ ಉರುಳಿದ ಟೊಮೆಟೊ, ತಾತನ ಒಂದು ಕಾಲಿನ ಚಪ್ಪಲಿ ಮೆಟ್ಟಿಲ ಮೇಲೆ ಉಳಿದದ್ದು. ಅದನ್ನು ನಿನ್ನೆ ನಡೆದಂತೆ ಹೇಳುತ್ತಿದ್ದರು. ಪ್ರತಿ ವರ್ಷ ತಿಥಿಯ ದಿನ ನಮ್ಮ ಅತ್ತೆಯನ್ನು ಕೂರಿಸಿಕೊಂಡು, ಯಾವ ಪಂಚೆ ಉಡಿಸಿದ್ದರು, ಯಾರು ಯಾರು ಹೆಗಲು ಕೊಟ್ಟರು, ನಾನು ಅಕ್ಕಿ ಹಾಕಿದೆನಾ, ಅತ್ತೆನಾ ಎಂದು ಕೇಳುತ್ತಿದ್ದರು. ಅತ್ತೆ ಎಲ್ಲ ಹೇಳುತ್ತಿದ್ದರು. ಮುಂದಿನ ವರ್ಷ ಅಜ್ಜಿ ಮತ್ತೆ ಕೇಳುತ್ತಿದ್ದರು. ನಂಬಿಕೆ ಇಲ್ಲದೆ ಅಲ್ಲ. ಬೇರೆಯವರು ಹೇಳಿದ್ದು ಅವರದೇ ನೆನಪಾಗಿ ಕೂರುತ್ತಿರಲಿಲ್ಲ, ಅಷ್ಟೇ.

ಆ ದಿನ ಇಂಜ
ೆಕ್ಷನ್ ಹಾಕಿಸಿದವರು ಕರುಣೆಯಿಂದಲೇ ಹಾಕಿಸಿದರು. ಆದರೆ ಯಾವುದನ್ನು ಮರೆಯಲಿ ಎಂದು ಹಾಕಿಸಿದರೋ ಅದು ಹಾಗೇ ಉಳಿಯಿತು, ಯಾವುದು ಅಜ್ಜಿಗೆ ಬೇಕಿತ್ತೋ ಅದು ಹೋಯಿತು. ಸ್ನೋ ಅವರ ಹಂತಗಳನ್ನು ಓದಿದ ಮೇಲೆ ನನಗೆ ಇದು ಅರ್ಥವಾಯಿತು. ಚೀಲ ಬಿದ್ದದ್ದು ಔಷಧಿಗೆ ಮುಂಚೆ, ಬೀಳ್ಕೊಟ್ಟದ್ದು ಔಷಧಿಯ ನಂತರ. ಅಜ್ಜಿ ಮರೆಗುಳಿಯೂ ಅಲ್ಲ, ಕಲ್ಲುಮನಸ್ಸಿನವರೂ ಅಲ್ಲ. ಆ ಸಂಕಟ ಅವರಿಗೆ ಕೊನೆಯವರೆಗೂ ಇತ್ತು, ತಾನು ಗಂಡನನ್ನು ಸರಿಯಾಗಿ ಕಳಿಸಿಕೊಡಲಿಲ್ಲ ಎಂದು.

ಇದು ನಮ್ಮೊಬ್ಬರ ಮನೆಯ ಮಾತಲ್ಲ. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರಿಗೆ ಇಂಜೆಕ್ಷನ್ ಹಾಕಿಸಿ ಮಲಗಿಸುವುದು ಈಗಲೂ ಇದೆ. ದೊಡ್ಡ ಆಘಾತದ ನಂತರದ ಮೊದಲ ತಿಂಗಳಲ್ಲಿ, ಆ ಸಂಕಟ ತಗ್ಗಿಸಲೆಂದು ವಯಸ್ಕರಿಗೆ ಈ ಕುಟುಂಬದ ಔಷಧಿ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಬೇರೆ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಇದನ್ನು ಓದಿ ಯಾರೂ ಬಿಡಬೇಡಿ, ಹಾಗೆ ಒಮ್ಮೆಲೇ ಬಿಡುವುದೂ ಅಪಾಯ. ಆದರೆ ಸಾವಿನ ಮನೆಯಲ್ಲಿ ಅಳುವವರನ್ನು ಅಳಲು ಬಿಡಿ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಿ.

ಕೊನೆಯ ದಿನಗಳು

1858ರ ಜೂನ್ 10ರಂದು, ಕ್ಲೋರೋಫಾರ್ಮ್ ಕುರಿತ ದೊಡ್ಡ ಪುಸ್ತಕದ ಕೊನೆಯ ಪುಟಗಳನ್ನು ಬರೆಯುತ್ತಿದ್ದಾಗ ಸ್ನೋ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಜೂನ್ 16ರಂದು ತೀರಿಕೊಂಡರು. ವಯಸ್ಸು 45. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಪುಸ್ತಕವನ್ನು ಅವರ ಗೆಳೆಯ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ಅದೇ ವರ್ಷ ಪ್ರಕಟಿಸಿದರು. ಲ್ಯಾನ್ಸೆಟ್ ಪತ್ರಿಕೆ ಅವರ ಸಾವಿನ ಸುದ್ದಿಯನ್ನು ಕೆಲವೇ ಸಾಲಿನಲ್ಲಿ ಮುಗಿಸಿತು, ಕಾಲರಾ ಕೆಲಸದ ಪ್ರಸ್ತಾಪವೇ ಇರಲಿಲ್ಲ. 2013ರಲ್ಲಿ, ಅವರ ಇನ್ನೂರನೇ ಹುಟ್ಟುಹಬ್ಬದ ವರ್ಷ, ಅದೇ ಪತ್ರಿಕೆ ಆ ಕೊರತೆಯನ್ನು ತಿದ್ದಿ ಪ್ರಕಟಿಸಿತು.

1848ರಿಂದ 1858ರವರೆಗೆ ಅವರು ದಿನವೂ ಬರೆದ ರೋಗಿಗಳ ದಾಖಲೆ ಪುಸ್ತಕಗಳು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಇವತ್ತಿಗೂ ಇವೆ. ಯಾರು, ಯಾವ ಆಪರೇಷನ್, ಹೇಗೆ ಮಲಗಿದರು, ಹೇಗೆ ಎದ್ದರು ಎಂದು ಬರೆದಿಟ್ಟಿದ್ದಾರೆ. ರಾಣಿಯೂ ಆ ಪುಸ್ತಕದಲ್ಲಿ ಒಬ್ಬ ರೋಗಿ, ಹಲ್ಲು ಕೀಳಿಸಿಕೊಂಡ ಬಡವರೂ ಅದೇ ಪುಸ್ತಕದಲ್ಲಿ ರೋಗಿಗಳು. ಮಲಗಿದ್ದವರಿಗೆ ತಮಗೆ ಏನಾಯಿತೆಂದು ಹೇಳಲು ಬರುವುದಿಲ್ಲ, ಆದ್ದರಿಂದ ಎಚ್ಚರ ಇದ್ದವರು ಅದನ್ನು ಬರೆದಿಡಬೇಕು ಎಂಬುದನ್ನು ಅವರು ಹತ್ತು ವರ್ಷ ತಪ್ಪದೆ ಪಾಲಿಸಿದರು.

ಈಗ ಶಾಲೆಯಲ್ಲಿರುವ ತಮ್ಮ ತಂಗಿಯರಿಗೆ ಒಂದು ಮಾತು. ವಿಜ್ಞಾನದ ರೆಕಾರ್ಡ್ ಪುಸ್ತಕವನ್ನು ಪಕ್ಕದವರದ್ದು ನೋಡಿ ತುಂಬಿಸುವ ಅಭ್ಯಾಸ ನಮ್ಮ ಕಾಲದಲ್ಲೂ ಇತ್ತು, ನಿಮ್ಮ ಕಾಲದಲ್ಲೂ ಇರಬಹುದು. ಒಂದು ಪ್ರಯೋಗವನ್ನಾದರೂ ನಿಮ್ಮ ಕಣ್ಣಿಗೆ ಕಂಡದ್ದು ಕಂಡಂತೆ, ಬರಬೇಕಾದ ಉತ್ತರ ಬಾರದಿದ್ದರೆ ಬರಲಿಲ್ಲ ಎಂದೇ ಬರೆದು ನೋಡಿ. ಪಂಪಿನ ಹಿಡಿ ತೆಗೆಯುವ ಮುಂಚೆಯೇ ರೋಗ ಇಳಿದಿತ್ತು ಎಂದು ಸ್ನೋ ತಾವೇ ಬರೆದಿದ್ದರು.